ಫಿಶ್ ಟ್ಯಾಂಕ್ ನೀರು ಮನೆಗೆ ನುಗ್ಗಿದರೆ: ಹೋಮ್ ಇನ್ಶೂರೆನ್ಸ್ ಏನು ಕೊಡುತ್ತದೆ, ಏನು ಕೊಡುವುದಿಲ್ಲ

ಬೆಳಗಿನ ಜಾವ ಐದೂಕಾಲಿಗೆ ಯಾರೋ ಬಾಗಿಲು ಬಡಿದರು. ತೆಗೆದರೆ ಕೆಳಗಿನ ಮನೆಯ ಅಂಕಲ್, ಪಂಚೆ ಎತ್ತಿ ಕಟ್ಟಿಕೊಂಡು ನಿಂತಿದ್ದಾರೆ. "ಏನಮ್ಮಾ, ನಲ್ಲಿ ಬಿಟ್ಟು ಮಲಗಿಬಿಟ್ರಾ? ನಮ್ಮ ಹಾಲ್‌ನಲ್ಲಿ ಮೇಲಿಂದ ನೀರು ತೊಟ್ಟಿಕ್ತಾ ಇದೆ" ಅಂದರು. "ಇಲ್ಲ ಅಂಕಲ್, ಎಲ್ಲ ಬಂದ್ ಮಾಡಿದೀನಿ" ಅನ್ನುತ್ತಲೇ ಹಾಲ್ ಕಡೆ ತಿರುಗಿದೆ. ಪಾದ ಒದ್ದೆಯಾಯಿತು. ಕರೆಂಟ್ ಇರಲಿಲ್ಲ. ಮೊಬೈಲ್ ಟಾರ್ಚ್ ಹಾಕಿ ನೋಡಿದರೆ ಎರಡಡಿ ಫಿಶ್ ಟ್ಯಾಂಕಿನ ತಳದಲ್ಲಿ ನಾಲ್ಕು ಬೆರಳಿನಷ್ಟು ನೀರು. ಗೋಲ್ಡ್ ಫಿಶ್‌ಗಳು ಬಣ್ಣದ ಕಲ್ಲುಗಳ ಮೇಲೆ ಓರೆಯಾಗಿ ಮಲಗಿ ಬಾಯಿ ಆಡಿಸುತ್ತಿದ್ದವು.

ಗಾಜಿಗೆ ಒಂದು ಗೀರೂ ಬಿದ್ದಿರಲಿಲ್ಲ. ನೀರು ಹೋಗಿದ್ದು ಏರ್ ಪಂಪಿನ ಸಪೂರ ಟ್ಯೂಬಿನ ಮೂಲಕ. ಪಂಪನ್ನು ನಾನು ಸ್ಟ್ಯಾಂಡಿನ ಕೆಳಗಿನ ತಟ್ಟೆಯಲ್ಲಿ, ಅಂದರೆ ನೀರಿನ ಮಟ್ಟಕ್ಕಿಂತ ಕೆಳಗೆ ಇಟ್ಟಿದ್ದೆ. ತೊಟ್ಟಿಯನ್ನು ಅಂಚಿನವರೆಗೂ ತುಂಬಿಸಿದ್ದೆ. ಕರೆಂಟ್ ಹೋದ ಕ್ಷಣ ಟ್ಯೂಬಿನಲ್ಲಿ ಗಾಳಿಯ ಒತ್ತಡ ನಿಂತಿದೆ, ನೀರು ಟ್ಯೂಬಿನೊಳಗೆ ಹಿಂದಕ್ಕೆ ಏರಿ ಅಂಚು ದಾಟಿ ಕೆಳಗಿಳಿದಿದೆ. ಒಮ್ಮೆ ಹರಿವು ಶುರುವಾದರೆ, ಡ್ರಮ್ಮಿನಿಂದ ಪೈಪ್ ಹಾಕಿ ಸೀಮೆಎಣ್ಣೆ ಎಳೆದ ಹಾಗೆ, ತಾನಾಗಿ ನಿಲ್ಲುವುದಿಲ್ಲ. ಟ್ಯೂಬಿನ ತುದಿಯಲ್ಲಿ ಗುಳ್ಳೆ ಬಿಡುವ ಏರ್ ಸ್ಟೋನ್ ಇರುವುದು ತೊಟ್ಟಿಯ ತಳದಲ್ಲಿ, ಹಾಗಾಗಿ ಹೆಚ್ಚುಕಡಿಮೆ ತಳದವರೆಗೂ ನೀರು ಖಾಲಿ. ಟ್ಯೂಬಿನ ಮಧ್ಯೆ, ನೀರನ್ನು ಹಿಂದಕ್ಕೆ ಬಿಡದ ಒಂದು ಪುಟ್ಟ ನಾನ್ ರಿಟರ್ನ್ ವಾಲ್ವ್ ಹಾಕಿದ್ದರೆ ಇದು ಆಗುತ್ತಿರಲಿಲ್ಲ.

ಲೆಕ್ಕ ಹಾಕಿದರೆ ಆ ರಾತ್ರಿ ಹರಿದಿದ್ದು ಸುಮಾರು ನಲವತ್ತು ಲೀಟರ್. ಎರಡು ಬಕೆಟ್ ನೀರು, ಅಷ್ಟೇ. ಅಷ್ಟಕ್ಕೇ ನಮ್ಮ ಟಿವಿ ಯೂನಿಟ್ಟಿನ ಕೆಳಗಿನ ಪ್ಲೈವುಡ್ ಉಬ್ಬಿ ಪದರ ಬಿಟ್ಟಿತು. ಕೆಳಗಿನ ಮನೆಯ ಫಾಲ್ಸ್ ಸೀಲಿಂಗ್‌ನ ಪಿಒಪಿ ಒಂದು ಚಾಪೆಯಷ್ಟಗಲ ನೆನೆದು ಜೋತುಬಿತ್ತು, ಮರುದಿನ ಅದನ್ನು ಕಿತ್ತೇ ತೆಗೆಯಬೇಕಾಯಿತು.

ನನ್ನ ಹತ್ತಿರ ಹೋಮ್ ಇನ್ಶೂರೆನ್ಸ್ ಇತ್ತು. ಗೃಹಸಾಲ ತೆಗೆದಾಗಲೇ ಮಾಡಿಸಿದ್ದು. ಕ್ಲೇಮ್ ಹಾಕಿದೆ. ಬಂದ ಉತ್ತರ ಎರಡೇ ಸಾಲಿನದು. ಟ್ಯಾಂಕ್ ಒಡೆದಿಲ್ಲ, ಉಕ್ಕಿಯೂ ಹರಿದಿಲ್ಲ, ಆದ್ದರಿಂದ ನಿಮ್ಮ ಸಾಮಾನಿನ ನಷ್ಟ ಪಾಲಿಸಿಯೊಳಗೆ ಬರುವುದಿಲ್ಲ. ಕೆಳಗಿನ ಮನೆಯ ನಷ್ಟ ಈ ಪಾಲಿಸಿಯ ವಿಷಯವೇ ಅಲ್ಲ. ಅಂಕಲ್ ಮನೆಯ ಸೀಲಿಂಗನ್ನು ನಾನೇ ಸರಿ ಮಾಡಿಸಿಕೊಟ್ಟೆ. ಆ ಉತ್ತರ ನನ್ನನ್ನು ಬಹಳ ದಿನ ಕಾಡಿತು. ಪಾಲಿಸಿಯನ್ನು ಮೊದಲ ಪುಟದಿಂದ ಕೊನೆಯವರೆಗೆ ಓದಿದೆ, ಆಮೇಲೆ ಅದರ ಹಿಂದಿನ ಕಾನೂನನ್ನೂ ಓದಿದೆ. ಮನೆಯಲ್ಲಿ ಮೀನು ಸಾಕುವ ಎಲ್ಲರಿಗೂ ಇದು ಗೊತ್ತಿರಬೇಕು ಎಂದು ಈಗ ಬರೆಯುತ್ತಿದ್ದೇನೆ.

ನೀರಿಗಲ್ಲ, ಘಟನೆಗೆ ವಿಮೆ

ಭಾರತದಲ್ಲಿ ಮನೆಗೆ ಈಗ ಸಿಗುವ ಮೂಲ ಪಾಲಿಸಿಯ ಹೆಸರು ಭಾರತ್ ಗೃಹ ರಕ್ಷಾ. ವಿಮಾ ನಿಯಂತ್ರಣ ಪ್ರಾಧಿಕಾರವಾದ ಐಆರ್‌ಡಿಎಐ ಇದನ್ನು 2021ರ ಏಪ್ರಿಲ್ 1ರಿಂದ ಜಾರಿಗೆ ತಂದಿತು. ಯಾವ ಕಂಪನಿಯಿಂದ ಕೊಂಡರೂ ಮೂಲ ಒಕ್ಕಣೆ ಒಂದೇ. ಇದು ಗ್ರಾಹಕರಿಗೆ ನಿಜಕ್ಕೂ ದೊಡ್ಡ ಅನುಕೂಲ, ಒಂದನ್ನು ಸರಿಯಾಗಿ ಓದಿಕೊಂಡರೆ ಎಲ್ಲವನ್ನೂ ಓದಿದಂತೆ.

ಈ ಪಾಲಿಸಿ ಕೆಲಸ ಮಾಡುವುದು ಒಂದು ಪಟ್ಟಿಯ ಮೇಲೆ. ಬೆಂಕಿ, ಸ್ಫೋಟ, ಸಿಡಿಲು, ಭೂಕಂಪ, ಬಿರುಗಾಳಿ ಮತ್ತು ನೆರೆ, ಭೂಕುಸಿತ, ಕಾಡ್ಗಿಚ್ಚು, ಹೊರಗಿನ ವಸ್ತು ಬಂದು ಬಡಿಯುವುದು, ಗಲಭೆ, ಭಯೋತ್ಪಾದನೆ, ಹೀಗೆ ಒಂದೊಂದು ಘಟನೆಯನ್ನೂ ಹೆಸರಿಸಿದ್ದಾರೆ. ಹೆಸರು ಪಟ್ಟಿಯಲ್ಲಿದ್ದರೆ ಹಣ, ಇಲ್ಲದಿದ್ದರೆ ಇಲ್ಲ. ನಮಗೆ ಬೇಕಾದ ಸಾಲು ಪಟ್ಟಿಯ ಕೊನೆಯ ಹತ್ತಿರ ಇದೆ. ಕನ್ನಡದಲ್ಲಿ ಹೇಳುವುದಾದರೆ, ನೀರಿನ ಟ್ಯಾಂಕು, ಉಪಕರಣ ಮತ್ತು ಪೈಪುಗಳು ಒಡೆಯುವುದು ಅಥವಾ ಉಕ್ಕಿ ಹರಿಯುವುದು. ಫಿಶ್ ಟ್ಯಾಂಕ್ ಎಂಬ ಮಾತು ಅದರಲ್ಲಿಲ್ಲ. ನಮ್ಮ ಮೀನಿನ ತೊಟ್ಟಿಯ ಭವಿಷ್ಯವೆಲ್ಲ ಈ ಒಂದೇ ಸಾಲಿನಲ್ಲಿದೆ, ಆದ್ದರಿಂದ ಇದನ್ನು ಪದ ಪದ ಬಿಡಿಸಿ ನೋಡಬೇಕು.

ಮೊದಲು "ನೀರಿನ ಟ್ಯಾಂಕು". ಈ ಸಾಲು 2021ರಲ್ಲಿ ಹುಟ್ಟಿದ್ದಲ್ಲ. ಅದಕ್ಕೂ ಮುಂಚೆ ಮನೆ, ಅಂಗಡಿ, ಕಾರ್ಖಾನೆ ಎಲ್ಲಕ್ಕೂ ನಡೆಯುತ್ತಿದ್ದ ಬೆಂಕಿ ವಿಮೆಯ ಪಾಲಿಸಿಯಲ್ಲೂ ಹೆಚ್ಚುಕಡಿಮೆ ಇದೇ ಮಾತುಗಳಿದ್ದವು. ಬರೆದವರ ಕಣ್ಣ ಮುಂದಿದ್ದದ್ದು ತಾರಸಿಯ ಮೇಲಿನ ಓವರ್‌ಹೆಡ್ ಟ್ಯಾಂಕು, ಕಾರ್ಖಾನೆಯ ಬಾಯ್ಲರ್ ಪೈಪು ಇದ್ದೀತು. ಆದರೆ ಬರೆದದ್ದು "ನೀರಿನ ಟ್ಯಾಂಕು" ಎಂದಷ್ಟೆ, ಕುಡಿಯುವ ನೀರಿನದು ಎಂದಲ್ಲ, ಕಟ್ಟಡಕ್ಕೆ ಜೋಡಿಸಿದ್ದು ಎಂದೂ ಅಲ್ಲ. ಐದು ಗಾಜಿನ ಹಲಗೆ ಅಂಟಿಸಿ ನೀರು ತುಂಬಿಸಿದ ತೊಟ್ಟಿ ನೀರಿನ ಟ್ಯಾಂಕೇ. ಅದನ್ನು ಟ್ಯಾಂಕ್ ಅನ್ನಲು ಒಪ್ಪದಿದ್ದರೂ "ಉಪಕರಣ" ಎಂಬ ಪದ ಪಕ್ಕದಲ್ಲೇ ಇದೆ. ಪಾಲಿಸಿಯ ಮಾತು ಎರಡು ಅರ್ಥಕ್ಕೆ ಎಡೆಮಾಡಿದರೆ ಬರೆದ ಕಂಪನಿಗೆ ವಿರುದ್ಧವಾಗಿ, ಗ್ರಾಹಕನಿಗೆ ಅನುಕೂಲವಾಗಿ ಓದಬೇಕು ಎಂಬ ತತ್ವವನ್ನು ಸುಪ್ರೀಂ ಕೋರ್ಟ್ 1966ರಷ್ಟು ಹಿಂದೆಯೇ ಒಪ್ಪಿದೆ. ಫಿಶ್ ಟ್ಯಾಂಕ್ ಬರುವುದಿಲ್ಲ ಎಂದು ಯಾರಾದರೂ ಬಾಯಿಮಾತಲ್ಲಿ ಹೇಳಿದರೆ ಅಲ್ಲಿಗೇ ಬಿಡಬೇಡಿ. ಯಾವ ಷರತ್ತಿನ ಪ್ರಕಾರ ಎಂದು ಬರವಣಿಗೆಯಲ್ಲಿ ಕೇಳಿ.

ನಿಜವಾದ ತೊಡಕು ಇರುವುದು ಕ್ರಿಯಾಪದಗಳಲ್ಲಿ, "ಒಡೆಯುವುದು ಅಥವಾ ಉಕ್ಕಿ ಹರಿಯುವುದು" ಎಂಬಲ್ಲಿ.

ಮೀನಿನ ತೊಟ್ಟಿಯಿಂದ ನೀರು ಹೊರಬರುವ ದಾರಿಗಳು ನಾಲ್ಕಾರಿವೆ. ಗಾಜು ಸೀಳುವುದು ಒಂದು. ಸ್ಟ್ಯಾಂಡ್ ಮಟ್ಟವಾಗಿಲ್ಲದಿದ್ದರೆ ತೊಟ್ಟಿಯ ಒಂದು ಮೂಲೆಗೆ ಭಾರ ಬಿದ್ದು ತಳದ ಗಾಜು ಬಿರಿಯುತ್ತದೆ. ತೊಟ್ಟಿ ಇಡುವಾಗ ಗಾರೆ ಕೆಲಸದವರ ರಸಮಟ್ಟ ಇಟ್ಟು ನೋಡಿ, ಕೆಳಗೆ ಥರ್ಮಾಕೋಲ್ ಹಾಳೆ ಹಾಕುವುದು ಇದಕ್ಕಾಗಿಯೇ. ಎರಡನೆಯದು ಮೂಲೆಯ ಸಿಲಿಕೋನ್ ಬಿಡುವುದು. ವರ್ಷಗಳು ಕಳೆದಂತೆ ಅಂಟು ಗಡಸಾಗಿ ಒಂದು ಅಂಚಿನಿಂದ ಏಳುತ್ತದೆ. ಇದು ಒಂದೇ ಏಟಿಗೆ ಬಾಯಿ ಬಿಟ್ಟರೆ ಒಡೆದಂತೆ. ಆದರೆ ದಿನಕ್ಕೆ ಒಂದು ಲೋಟದಂತೆ ತಿಂಗಳುಗಟ್ಟಲೆ ಜಿನುಗಿ ಗೋಡೆಗೆ ತೇವ ಏರಿಸಿದರೆ, ಅದು ಒಡೆದದ್ದೂ ಅಲ್ಲ, ಉಕ್ಕಿದ್ದೂ ಅಲ್ಲ. ಅದನ್ನು ಕಂಪನಿಗಳು ಜಿನುಗು, ಸವೆತ ಎಂದು ಬದಿಗಿಡುತ್ತವೆ. ಇದರಲ್ಲಿ ನ್ಯಾಯ ಇಲ್ಲವೆನ್ನಲಾರೆ, ಏಕೆಂದರೆ ವಿಮೆ ಇರುವುದು ಹಠಾತ್ತಾಗಿ ಆಗುವುದಕ್ಕೆ, ಕಣ್ಣೆದುರು ನಿಧಾನವಾಗಿ ಹದಗೆಡುವುದಕ್ಕಲ್ಲ.

ದೊಡ್ಡ ತೊಟ್ಟಿ ಇಟ್ಟವರಿಗೆ ಮೂರನೆಯ ದಾರಿ ಗೊತ್ತು. ಅವರ ಫಿಲ್ಟರ್ ಇರುವುದು ಕೆಳಗಿನ ಕಪಾಟಿನಲ್ಲಿ, ಸಂಪ್ ಎಂಬ ಇನ್ನೊಂದು ತೊಟ್ಟಿಯಲ್ಲಿ. ಪಂಪ್ ನೀರನ್ನು ಮೇಲಕ್ಕೆ ತಳ್ಳುತ್ತಿರುತ್ತದೆ. ಕರೆಂಟ್ ಹೋದರೆ ಪೈಪಿನಲ್ಲಿದ್ದ ನೀರು, ಅದರ ಬೆನ್ನಿಗೆ ಮೇಲಿನ ತೊಟ್ಟಿಯ ನೀರು, ವಾಪಸು ಸಂಪಿಗೆ ಇಳಿಯುತ್ತದೆ. ಸಂಪಿನಲ್ಲಿ ಜಾಗ ಬಿಟ್ಟಿರದಿದ್ದರೆ ತುಂಬಿ ಚೆಲ್ಲುತ್ತದೆ. ಇದು ಉಕ್ಕಿ ಹರಿದದ್ದೇ, ಸ್ಪಷ್ಟವಾಗಿ ಪಾಲಿಸಿಯ ಮಾತಿನೊಳಗೆ ಬರುತ್ತದೆ. ನೀರು ಬದಲಿಸುವಾಗ ನಲ್ಲಿಯ ಪೈಪನ್ನು ತೊಟ್ಟಿಯೊಳಗೆ ಬಿಟ್ಟು ಫೋನ್ ತೆಗೆದುಕೊಳ್ಳಲು ಹೋಗಿ ಮರೆತರೆ? ಅದೂ ಉಕ್ಕಿ ಹರಿದದ್ದೇ. ಬೇಕೆಂದೇ ಮಾಡಿದ್ದನ್ನು ಪಾಲಿಸಿ ಹೊರಗಿಡುತ್ತದೆ, ಮರೆವನ್ನಲ್ಲ. ಮರೆತು ಆದ ನಷ್ಟಕ್ಕೆ ವಿಮೆ ಸಿಗುವುದಿಲ್ಲ ಎಂದು ತಾವೇ ತೀರ್ಮಾನಿಸಿ ಕ್ಲೇಮ್ ಹಾಕದೇ ಸುಮ್ಮನಾದವರು ನನಗೆ ಗೊತ್ತಿರುವವರಲ್ಲೇ ಇದ್ದಾರೆ. ಮನುಷ್ಯರ ಅಜಾಗರೂಕತೆ ಇರುವುದರಿಂದಲೇ ವಿಮೆಯೂ ಇರುವುದು.

ನಾಲ್ಕನೆಯದು ನಮ್ಮ ಮನೆಯಲ್ಲಿ ಆದದ್ದು. ತೊಟ್ಟಿ ಗಟ್ಟಿಯಾಗಿತ್ತು, ಪೈಪೂ ಗಟ್ಟಿಯಾಗಿತ್ತು, ನೀರು ತನ್ನ ಭಾರಕ್ಕೆ ತಾನೇ ಹರಿದುಹೋಯಿತು. ಇದನ್ನು ಏನೆಂದು ಕರೆಯುವುದು? ಪಂಪಿನ ಡಬ್ಬಿಯೊಳಗೆ ನೀರು ತುಂಬಿ ಅಲ್ಲಿಂದ ಹೊರಚೆಲ್ಲಿದೆ, ಅದು ಉಪಕರಣ ಉಕ್ಕಿದಂತೆ ಎಂದು ವಾದಿಸಬಹುದಿತ್ತು. ಈಗಲೂ ನನಗೆ ಆ ವಾದದಲ್ಲಿ ಹುರುಳಿದೆ ಅನ್ನಿಸುತ್ತದೆ. ಆಗ ಅದು ಹೊಳೆಯಲಿಲ್ಲ. ಕ್ಲೇಮ್ ಫಾರಂನಲ್ಲಿ ನಾನು ಬರೆದದ್ದು "ನೀರು ಲೀಕ್ ಆಗಿದೆ" ಎಂದು. ಲೀಕ್ ಎಂಬ ಆ ಒಂದು ಪದವೇ ನನಗೆ ಅಡ್ಡಬಂತು. ಸುಳ್ಳು ಬರೆಯಿರಿ ಎಂದು ಹೇಳುತ್ತಿಲ್ಲ, ಬರೆಯಲೇಬಾರದು. ಆದರೆ ಆದದ್ದನ್ನು ಆದ ಹಾಗೆ, ನೀರು ಎಲ್ಲಿಂದ ಹೊರಟು ಯಾವುದರಿಂದ ಹೊರಚೆಲ್ಲಿತು ಎಂದು ಬಿಡಿಸಿ ಬರೆಯಬೇಕು. ಒಂದೇ ಪದದಲ್ಲಿ ಮುಗಿಸಬಾರದು.

ಯಾವ ಸಾಮಾನು ಲೆಕ್ಕಕ್ಕೆ ಬರುತ್ತದೆ

ಘಟನೆ ಪಟ್ಟಿಯೊಳಗೆ ಬಂತು ಎಂದಿಟ್ಟುಕೊಳ್ಳೋಣ. ಈಗ ಎಷ್ಟು ಸಿಗುತ್ತದೆ ಎಂಬ ಪ್ರಶ್ನೆ. ಭಾರತ್ ಗೃಹ ರಕ್ಷಾದಲ್ಲಿ ಕಟ್ಟಡ ಬೇರೆ, ಮನೆಯ ಸಾಮಾನು ಬೇರೆ. ಕಟ್ಟಡದ ವಿಮಾ ಮೊತ್ತ ಎಂದರೆ ಕಾರ್ಪೆಟ್ ಏರಿಯಾವನ್ನು, ಅಂದರೆ ಮನೆಯೊಳಗಿನ ನೆಲದ ಅಳತೆಯನ್ನು, ಇವತ್ತಿನ ಕಟ್ಟುವ ವೆಚ್ಚದಿಂದ ಗುಣಿಸಿದ್ದು. ಸಾವಿರ ಚದರಡಿ ಫ್ಲ್ಯಾಟ್, ಚದರಡಿಗೆ 2,500 ರೂಪಾಯಿ ಎಂದು ಹಿಡಿದರೆ 25 ಲಕ್ಷ. ಫ್ಲ್ಯಾಟಿನ ಮಾರುಕಟ್ಟೆ ಬೆಲೆ ಒಂದು ಕೋಟಿ ಇದ್ದರೂ ಇಲ್ಲಿ ಲೆಕ್ಕ 25 ಲಕ್ಷದ್ದೇ, ಜಾಗದ ಬೆಲೆಗೆ ವಿಮೆ ಇಲ್ಲ. ಇದರ ಶೇ. 20ರಷ್ಟು, ಗರಿಷ್ಠ 10 ಲಕ್ಷದವರೆಗೆ, ಮನೆಯ ಸಾಮಾನ್ಯ ಸಾಮಾನಿಗೆ ತಾನಾಗಿಯೇ ಸಿಗುತ್ತದೆ. ಈ ಉದಾಹರಣೆಯಲ್ಲಿ 5 ಲಕ್ಷ. ಅದಕ್ಕಿಂತ ಹೆಚ್ಚು ಬೇಕಿದ್ದರೆ ಸಾಮಾನಿನ ವಿವರ ಕೊಟ್ಟು ಹೆಚ್ಚಿಸಿಕೊಳ್ಳಬಹುದು. ಬಾಡಿಗೆ ಮನೆಯಲ್ಲಿರುವವರು ಸಾಮಾನಿಗೆ ಮಾತ್ರ ಪಾಲಿಸಿ ಮಾಡಿಸಬಹುದು. ಇದು ಬಹಳ ಜನರಿಗೆ ಗೊತ್ತಿಲ್ಲ. ಮನೆ ನಮ್ಮದಲ್ಲ, ನಮಗ್ಯಾಕೆ ಹೋಮ್ ಇನ್ಶೂರೆನ್ಸ್ ಅಂದುಕೊಂಡಿರುತ್ತಾರೆ.

ಹಳೆಯ ಪಾಲಿಸಿಗಳಲ್ಲಿದ್ದ ಒಂದು ಕಿರಿಕಿರಿ ಇದರಲ್ಲಿಲ್ಲ. ಮೊದಲೆಲ್ಲ ಹತ್ತು ಲಕ್ಷದ ಸಾಮಾನಿಗೆ ಐದು ಲಕ್ಷದ ವಿಮೆ ಮಾಡಿಸಿದ್ದರೆ, ಒಂದು ಲಕ್ಷದ ನಷ್ಟಕ್ಕೆ ಐವತ್ತು ಸಾವಿರ ಮಾತ್ರ ಕೊಡುತ್ತಿದ್ದರು. ಭಾರತ್ ಗೃಹ ರಕ್ಷಾದಲ್ಲಿ ಆ ಕಡಿತ ಇಲ್ಲ, ವಿಮಾ ಮೊತ್ತದ ಮಿತಿಯೊಳಗೆ ಆದ ನಷ್ಟ ಪೂರ್ತಿ.

ನೀರು ಬಿದ್ದ ಸೋಫಾ, ಉಬ್ಬಿದ ವಾರ್ಡ್‌ರೋಬ್, ಎದ್ದ ಮರದ ಫ್ಲೋರಿಂಗ್ ಎಲ್ಲ ಬರುತ್ತವೆ. ನಾಲ್ಕಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ತೊಟ್ಟಿಯಲ್ಲಿ ಹತ್ತಿರ ಹತ್ತಿರ 255 ಲೀಟರ್ ಹಿಡಿಯುತ್ತದೆ. ಅದು ಹತ್ತಡಿ ಅಗಲ, ಇಪ್ಪತ್ತೈದಡಿ ಉದ್ದದ ಹಾಲ್‌ನಲ್ಲಿ ಹರಡಿದರೆ ಒಂದು ಸೆಂಟಿಮೀಟರ್‌ಗೂ ಹೆಚ್ಚು ಎತ್ತರ ನಿಲ್ಲುತ್ತದೆ. ಕೇಳಲು ಸಣ್ಣದು, ಆದರೆ ಲ್ಯಾಮಿನೇಟ್ ಫ್ಲೋರಿಂಗಿನ ಸಂದಿಗೆ, ಪ್ಲೈವುಡ್ಡಿನ ಕತ್ತರಿಸಿದ ಅಂಚಿಗೆ ಅಷ್ಟು ಸಾಕು.

ಟಿವಿ, ಮ್ಯೂಸಿಕ್ ಸಿಸ್ಟಂಗಳ ವಿಷಯದಲ್ಲಿ ಒಂದು ಮುಳ್ಳಿದೆ. ಶಾರ್ಟ್ ಸರ್ಕ್ಯೂಟ್ ಆಗಿ ಒಂದು ವಿದ್ಯುತ್ ಉಪಕರಣ ಸುಟ್ಟರೆ, ಸುಟ್ಟ ಆ ಉಪಕರಣಕ್ಕೆ ಈ ಪಾಲಿಸಿ ಹಣ ಕೊಡುವುದಿಲ್ಲ. ಅದರಿಂದ ಬೆಂಕಿ ಹಬ್ಬಿ ಬೇರೆಯವು ಸುಟ್ಟರೆ ಅವಕ್ಕೆ ಕೊಡುತ್ತದೆ. ತೊಟ್ಟಿಯ ನೀರು ಬಿದ್ದು ಟಿವಿ ಕೆಟ್ಟರೆ ಅದು ನೀರಿನಿಂದ ಕೆಟ್ಟದ್ದೋ, ಶಾರ್ಟ್ ಆಗಿ ಕೆಟ್ಟದ್ದೋ ಎಂಬ ಜಗ್ಗಾಟ ಇಲ್ಲಿ ಶುರುವಾಗುತ್ತದೆ. ಸರ್ವೀಸ್ ಸೆಂಟರ್‌ನವರ ವರದಿಯಲ್ಲಿ ಬೋರ್ಡಿಗೆ ನೀರು ಹೊಕ್ಕಿದೆ ಎಂದು ಬರೆಸಿಕೊಳ್ಳುವುದು ಮುಖ್ಯ.

ಇನ್ನು ಮೀನು. ಕೆಲವರ ಮನೆಯಲ್ಲಿ ಅರೋವಾನ ಇರುತ್ತದೆ, ತೊಟ್ಟಿಗಿಂತ ಮೀನಿಗೇ ಬೆಲೆ ಹೆಚ್ಚು. ಪಾಲಿಸಿ ಕೊಡುವ ಸಾಮಾನಿನ ಉದಾಹರಣೆಗಳು ಪೀಠೋಪಕರಣ, ಟಿವಿ, ಏಸಿ, ಅಡುಗೆಮನೆ ಉಪಕರಣ, ಬಟ್ಟೆಬರೆ. ಜೀವವಿರುವುದು ಯಾವುದೂ ಅಲ್ಲಿಲ್ಲ. ಮೀನಿಗೆ ಇದರಲ್ಲಿ ಒಂದು ರೂಪಾಯಿಯನ್ನೂ ನಿರೀಕ್ಷಿಸಬೇಡಿ.

ಕೆಳಗಿನ ಮನೆಯವರ ಸೀಲಿಂಗ್

ನನಗೆ ಅತಿ ಹೆಚ್ಚು ನೋವು ಕೊಟ್ಟದ್ದು ಈ ಭಾಗ, ಅಪಾರ್ಟ್‌ಮೆಂಟ್‌ನಲ್ಲಿ ಇರುವ ಯಾರಿಗಾದರೂ ಅತಿ ಹೆಚ್ಚು ಹಣ ಹೋಗುವುದೂ ಇಲ್ಲೇ. ಭಾರತ್ ಗೃಹ ರಕ್ಷಾ ನಿಮ್ಮ ಮನೆಗೆ, ನಿಮ್ಮ ಸಾಮಾನಿಗೆ. ನಿಮ್ಮಿಂದ ಬೇರೆಯವರಿಗೆ ಆದ ನಷ್ಟ ಅದರ ಮೂಲ ರೂಪದಲ್ಲಿ ಎಲ್ಲೂ ಇಲ್ಲ. ಅದಕ್ಕೆ ಬೇಕಾದದ್ದು ಹೊಣೆಗಾರಿಕೆಯ ರಕ್ಷಣೆ, ಏಜೆಂಟರು ಪಬ್ಲಿಕ್ ಲಯಬಿಲಿಟಿ ಅನ್ನುತ್ತಾರೆ. ಕೆಲವು ಕಂಪನಿಗಳು ಇದನ್ನು ಆಡ್-ಆನ್ ಆಗಿ, ಅಂದರೆ ಮೂಲ ಪಾಲಿಸಿಗೆ ಸೇರಿಸಿಕೊಳ್ಳುವ ಹೆಚ್ಚುವರಿ ರಕ್ಷಣೆಯಾಗಿ ಕೊಡುತ್ತವೆ, ಇನ್ನು ಕೆಲವು ಮನೆಯ ಪ್ಯಾಕೇಜ್ ಪಾಲಿಸಿಯ ಒಂದು ಭಾಗವಾಗಿ. ಕೇಳಿ ಹಾಕಿಸಿಕೊಳ್ಳದಿದ್ದರೆ ಇರುವುದಿಲ್ಲ.

ಹಾಗಾದರೆ ಕೆಳಗಿನ ಮನೆಯ ನಷ್ಟಕ್ಕೆ ಕಾನೂನಿನಲ್ಲಿ ನಾವು ಹೊಣೆಯೇ? ಇದರ ಕಥೆ ದೊಡ್ಡದು, ನಮ್ಮ ನೆಲದ ಕೆರೆಗಳನ್ನೂ ಹಾದು ಬರುತ್ತದೆ.

ಇಂಗ್ಲೆಂಡಿನ ಲ್ಯಾಂಕಶೈರ್‌ನಲ್ಲಿ ಒಬ್ಬ ಗಿರಣಿ ಮಾಲೀಕ ನೀರಿಗಾಗಿ ಕೊಳ ಕಟ್ಟಿಸಿದ. ಆ ನೀರು ನೆಲದಡಿಯ ಹಳೆಯ ಸುರಂಗಗಳ ಮೂಲಕ ನೆರೆಯವನ ಕಲ್ಲಿದ್ದಲು ಗಣಿಗೆ ನುಗ್ಗಿತು. ತಪ್ಪು ಮಾಡಿರಲಿ ಬಿಡಲಿ, ಹೊರನುಗ್ಗಿದರೆ ಕೇಡು ಮಾಡುವಂಥದ್ದನ್ನು ತಂದು ಕೂಡಿಟ್ಟವನೇ ಹೊಣೆ ಎಂದು 1868ರಲ್ಲಿ ತೀರ್ಪಾಯಿತು. ರೈಲ್ಯಾಂಡ್ಸ್ ವಿರುದ್ಧ ಫ್ಲೆಚರ್ ಎಂಬ ಈ ಮೊಕದ್ದಮೆಯನ್ನು ಕಾನೂನು ಓದಿದವರೆಲ್ಲ ಬಲ್ಲರು. ಆರೇ ವರ್ಷಕ್ಕೆ, 1874ರಲ್ಲಿ, ಇದೇ ಪ್ರಶ್ನೆ ನಮ್ಮ ಕಡೆಯಿಂದ ಲಂಡನ್ನಿನ ಪ್ರಿವಿ ಕೌನ್ಸಿಲ್ ತಲುಪಿತು, ಆಗ ಬ್ರಿಟಿಷ್ ವಸಾಹತುಗಳಿಗೆ ಅದೇ ಕೊನೆಯ ಮೇಲ್ಮನವಿ ಕೋರ್ಟು. ಇಂದಿನ ಆಂಧ್ರದಲ್ಲಿರುವ ಕಾರ್ವೇಟಿನಗರದ ಜಮೀನ್ದಾರನ ಕೆರೆಗಳು ಒಡೆದು ಮದ್ರಾಸ್ ರೈಲ್ವೆ ಕಂಪನಿಗೆ ನಷ್ಟವಾಗಿತ್ತು. ರೈಲ್ವೆಯವರು ಲ್ಯಾಂಕಶೈರ್ ತೀರ್ಪನ್ನು ಹಿಡಿದು ಪರಿಹಾರ ಕೇಳಿದರು. ಪ್ರಿವಿ ಕೌನ್ಸಿಲ್ ಒಪ್ಪಲಿಲ್ಲ. ಈ ದೇಶದಲ್ಲಿ ಕೆರೆ ಎಂಬುದು ಒಬ್ಬನ ಲಾಭಕ್ಕೆ ಕಟ್ಟಿಕೊಂಡ ಕೊಳವಲ್ಲ, ತಲತಲಾಂತರದಿಂದ ಜನರ ಬೇಸಾಯ ಅದರ ಮೇಲೆ ನಿಂತಿದೆ, ಅದನ್ನು ಕಾಪಾಡುವುದು ಜಮೀನ್ದಾರನ ಕರ್ತವ್ಯ, ಹಾಗಾಗಿ ಅವನ ಅಲಕ್ಷ್ಯ ಇಲ್ಲದಿದ್ದರೆ ಅವನು ಹೊಣೆಯಲ್ಲ ಎಂದಿತು. ಇಂಗ್ಲಿಷಿನ ಆ ತೀರ್ಪಿನಲ್ಲಿ ಕೆರೆಗೆ ಬಳಸಿರುವ ಪದವೂ "ಟ್ಯಾಂಕ್" ಎಂಬುದೇ. ಗಾಜಿನ ತೊಟ್ಟಿಗೂ ಊರ ಕೆರೆಗೂ ಒಂದೇ ಪದ ಇರುವುದನ್ನು ಕಂಡಾಗ ನನಗೆ ಬಹಳ ಹೊತ್ತು ಮುಂದಿನ ಪುಟಕ್ಕೆ ಹೋಗಲಾಗಲಿಲ್ಲ.

ಮನೆಯೊಳಗಿನ ನೀರಿಗೆ ಉತ್ತರ ಬಂದದ್ದು 1913ರಲ್ಲಿ. ಮೆಲ್ಬರ್ನ್‌ನ ಒಂದು ಕಟ್ಟಡದಲ್ಲಿ ನಾಲ್ಕನೇ ಮಹಡಿಯ ಕೈತೊಳೆಯುವ ಬೇಸಿನ್ ಉಕ್ಕಿ ಎರಡನೇ ಮಹಡಿಯ ಬಾಡಿಗೆದಾರನ ಸರಕು ನೆನೆಯಿತು. ಯಾರೋ ಬೇಕೆಂದೇ ನೀರು ಹೋಗುವ ತೂತು ಮುಚ್ಚಿ ನಲ್ಲಿ ಬಿಟ್ಟು ಹೋಗಿದ್ದರು. ಮನೆ, ಕಟ್ಟಡಗಳಿಗೆ ನೀರು ತಂದುಕೊಳ್ಳುವುದು ಸಾಮಾನ್ಯ ಬಳಕೆ, ಲ್ಯಾಂಕಶೈರ್ ಸೂತ್ರ ಅದಕ್ಕೆ ಸಲ್ಲದು, ಮಾಲೀಕನ ಅಲಕ್ಷ್ಯ ಇದ್ದರೆ ಮಾತ್ರ ಹೊಣೆ ಎಂದು ಪ್ರಿವಿ ಕೌನ್ಸಿಲ್ ಹೇಳಿತು.

ಫಿಶ್ ಟ್ಯಾಂಕಿಗೆ ಹೊಂದಿಸಿದರೆ ಪ್ರಶ್ನೆ ಇಷ್ಟಕ್ಕೆ ಬಂದು ನಿಲ್ಲುತ್ತದೆ: ನೀವು ಅಲಕ್ಷ್ಯ ಮಾಡಿದ್ದೀರಾ? ಹೊಸ ತೊಟ್ಟಿ, ಸರಿಯಾದ ಸ್ಟ್ಯಾಂಡ್, ಯಾವ ಸುಳಿವೂ ಇಲ್ಲದೆ ಗಾಜು ಸೀಳಿದರೆ ಅಲಕ್ಷ್ಯ ಎನ್ನುವುದು ಕಷ್ಟ. ಮೂಲೆಯಲ್ಲಿ ಎರಡು ತಿಂಗಳಿಂದ ತೇವ ಕಾಣುತ್ತಿದ್ದು ಬಟ್ಟೆ ಒತ್ತಿ ಸುಮ್ಮನಿದ್ದರೆ ಅದು ಅಲಕ್ಷ್ಯವೇ. ನನ್ನ ವಿಷಯದಲ್ಲಿ ಪಂಪಿನ ಡಬ್ಬದ ಮೇಲೇ ನೀರಿನ ಮಟ್ಟಕ್ಕಿಂತ ಮೇಲೆ ಇಡಿ ಎಂದು ಚಿತ್ರ ಸಹಿತ ಅಚ್ಚಾಗಿತ್ತು. ಅಂಕಲ್ ಕೋರ್ಟಿಗೆ ಹೋಗುವ ಜಾಯಮಾನದವರಲ್ಲ, ಆದರೆ ಹೋಗಿದ್ದರೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಕೆಳಗಿನ ಮನೆಯವರಿಗೆ ಅವರದೇ ಪಾಲಿಸಿ ಇದ್ದರೆ? ಟ್ಯಾಂಕ್ ಒಡೆದದ್ದು ಮೇಲಿನ ಮನೆಯಲ್ಲಾದರೂ ಅವರ ನಷ್ಟವನ್ನು ಅವರ ಕಂಪನಿ ಕಟ್ಟಿಕೊಡುತ್ತದೆ. ಅಲ್ಲಿಗೆ ವಿಷಯ ಮುಗಿಯಬೇಕೆಂದಿಲ್ಲ. ಹಣ ಕೊಟ್ಟ ಮೇಲೆ ನಿಮ್ಮಿಂದ ವಸೂಲು ಮಾಡುವ ಹಕ್ಕು ಅವರಿಂದ ಕಂಪನಿಗೆ ವರ್ಗವಾಗುತ್ತದೆ. ಕೆಳಗಿನ ಮನೆಯವರು ಮುಖ ನೋಡಿ ಬಿಟ್ಟಾರು, ಕಂಪನಿ ಬಿಡಬೇಕಿಲ್ಲ. ಹೊಣೆಗಾರಿಕೆ ಆಡ್-ಆನ್ ಹಾಕಿಸಿಕೊಳ್ಳಿ ಎಂದು ನಾನು ಒತ್ತಿ ಹೇಳುವುದು ಈ ಕಾರಣಕ್ಕೆ. ಮೊದಲ ಮಹಡಿಯಿಂದ ಮೇಲಿರುವ, ತೊಟ್ಟಿ ಇಟ್ಟಿರುವ ಯಾರಿಗೂ ಇದು ಐಚ್ಛಿಕ ಎಂದು ನನಗನ್ನಿಸುವುದಿಲ್ಲ.

ಹೊರದೇಶದ ಕನ್ನಡಿಗರಿಗೆ

ಅಮೆರಿಕದಲ್ಲಿ ಸ್ವಂತ ಮನೆಯವರು ಸಾಮಾನ್ಯವಾಗಿ ಕೊಳ್ಳುವುದು ಎಚ್‌ಒ-3 ಎಂಬ ನಮೂನೆ. ಅದರಲ್ಲಿ ಕಟ್ಟಡಕ್ಕೆ ನಿಯಮ ತಿರುವುಮುರುವು: ಹೊರಗಿಟ್ಟದ್ದನ್ನು ಬಿಟ್ಟು ಮಿಕ್ಕ ಎಲ್ಲ ಹಠಾತ್ ನಷ್ಟವೂ ಒಳಗೆ. ಹಾಗಾಗಿ ತೊಟ್ಟಿ ಒಡೆದು ಹಾಳಾದ ಮರದ ನೆಲಕ್ಕೆ ಸಾಮಾನ್ಯವಾಗಿ ಹಣ ಸಿಗುತ್ತದೆ. ಆದರೆ ಸಾಮಾನಿಗೆ ನಮ್ಮಲ್ಲಿಯಂತೆ ಹೆಸರಿಸಿದ ಪಟ್ಟಿ. ಅಲ್ಲಿರುವುದು ಕೊಳಾಯಿ ವ್ಯವಸ್ಥೆ, ಹೀಟಿಂಗ್, ಏಸಿ, ಸ್ಪ್ರಿಂಕ್ಲರ್ ಮತ್ತು ಮನೆಬಳಕೆಯ ಅಪ್ಲಯನ್ಸ್‌ನಿಂದ ಹೊರಬಂದ ನೀರು. ಅಕ್ವೇರಿಯಂ ಅಪ್ಲಯನ್ಸೇ ಎಂಬ ಪ್ರಶ್ನೆಗೆ ಒಬ್ಬೊಬ್ಬರದು ಒಂದೊಂದು ಉತ್ತರ. ಬಾಡಿಗೆ ಅಪಾರ್ಟ್‌ಮೆಂಟಿನಲ್ಲಿರುವವರ ಎಚ್‌ಒ-4ರಲ್ಲೂ ಸಾಮಾನಿಗೆ ಇದೇ ಪಟ್ಟಿ. ಎಚ್‌ಒ-5 ಕೊಂಡರೆ ಸಾಮಾನಿಗೂ ವಿಶಾಲ ರಕ್ಷಣೆ. ಈ ನಮೂನೆಗಳಲ್ಲಿ ಪ್ರಾಣಿ, ಪಕ್ಷಿ, ಮೀನುಗಳನ್ನು ಹೆಸರು ಹೇಳಿಯೇ ಹೊರಗಿಟ್ಟಿದ್ದಾರೆ. ಒಳ್ಳೆಯದೆಂದರೆ, ನೆರೆಯವರ ನಷ್ಟದ ಹೊಣೆಗಾರಿಕೆ ಅಲ್ಲಿ ಮೂಲ ಪಾಲಿಸಿಯಲ್ಲೇ ಇರುತ್ತದೆ.

ಜರ್ಮನಿಯವರು ಈ ಗೊಂದಲವನ್ನು ಒಂದೇ ಮಾತಿನಲ್ಲಿ ಬಗೆಹರಿಸಿಕೊಂಡಿದ್ದಾರೆ. ಅಲ್ಲಿನ ವಿಮಾ ಕಂಪನಿಗಳ ಮಾದರಿ ಷರತ್ತುಗಳಲ್ಲಿ ಕೊಳಾಯಿ ನೀರು ಎಂದರೇನು ಎಂದು ವಿವರಿಸುವಾಗ ಅಕ್ವೇರಿಯಂ ಮತ್ತು ವಾಟರ್ ಬೆಡ್‌ನಿಂದ ಹೊರಬಂದ ನೀರನ್ನೂ ಸೇರಿಸಿದ್ದಾರೆ. ನಮ್ಮ ಐಆರ್‌ಡಿಎಐ ಇಂಥ ಒಂದು ಪದವನ್ನು ಆ ಸಾಲಿಗೆ ಸೇರಿಸಿದರೆ ಎಷ್ಟೋ ಜಗಳ ತಪ್ಪುತ್ತದೆ.

ಜರ್ಮನಿಯದೇ ಇನ್ನೊಂದು ಘಟನೆ ಇಲ್ಲಿಗೆ ಹೊಂದುತ್ತದೆ. 2022ರ ಡಿಸೆಂಬರ್ 16ರ ನಸುಕಿನಲ್ಲಿ ಬರ್ಲಿನ್ನಿನ ಹೋಟೆಲೊಂದರ ಅಕ್ವಾಡೋಮ್ ಎಂಬ ಬೃಹತ್ ಅಕ್ವೇರಿಯಂ ಒಡೆಯಿತು. ಹತ್ತು ಲಕ್ಷ ಲೀಟರ್ ನೀರು, ಸುಮಾರು 1,500 ಮೀನು. ಅಕ್ರಿಲಿಕ್ ಚೂರುಗಳನ್ನು ಕೂಡಿಸಿ ಪರೀಕ್ಷಿಸಿದ ಮೇಲೂ ಒಡೆದದ್ದಕ್ಕೆ ಇದೇ ಕಾರಣ ಎಂದು ಖಚಿತವಾಗಿ ಹೇಳಲಾಗಲಿಲ್ಲ. ಹಾಗಿರುವಾಗ ನಮ್ಮ ಮನೆಯ ತೊಟ್ಟಿಯ ಚೂರನ್ನು ಅವತ್ತೇ ಕಸದ ಗಾಡಿಗೆ ಹಾಕಿಬಿಟ್ಟರೆ, ನಷ್ಟ ಪರಿಶೀಲಿಸಲು ಬರುವ ಸರ್ವೇಯರ್‌ಗೆ ನೋಡಲು ಏನು ಉಳಿಯುತ್ತದೆ?

ಆದ ದಿನ ಮಾಡಬೇಕಾದ್ದು

ಮೊದಲು ಮೇನ್ ಸ್ವಿಚ್ ಆಫ್ ಮಾಡಿ. ನೀರಿನಲ್ಲಿ ನಿಂತು ಪ್ಲಗ್ ಕೀಳಬೇಡಿ. ಮೀನುಗಳನ್ನು ಉಳಿದ ತೊಟ್ಟಿಯ ನೀರಿನ ಸಮೇತ ಬಕೆಟ್ಟಿಗೆ ಹಾಕಿ. ಒರೆಸುವ ಮೊದಲು ವಿಡಿಯೋ ತೆಗೆಯಿರಿ: ನೀರು ಎಲ್ಲಿಯವರೆಗೆ ನಿಂತಿದೆ, ತೊಟ್ಟಿ ಎಲ್ಲಿ ಒಡೆದಿದೆ, ಯಾವ ಸಾಮಾನು ನೆನೆದಿದೆ. ಕೆಳಗಿನ ಮನೆಗೂ ಹೋಗಿ ಅವರ ಅನುಮತಿ ಕೇಳಿ ಅಲ್ಲಿನದನ್ನೂ ತೆಗೆಯಿರಿ. ಆಮೇಲೆ ಒರೆಸಿ, ಒಣಗಿಸಿ. ನಷ್ಟ ಹೆಚ್ಚಾಗದಂತೆ ನೋಡಿಕೊಳ್ಳುವುದು ನಿಮ್ಮ ಹೊಣೆ, ಸರ್ವೇಯರ್ ಬರಲಿ ಎಂದು ನೀರು ನಿಲ್ಲಿಸಿಕೊಂಡು ಕೂರಬೇಕಿಲ್ಲ. ಒಡೆದ ಗಾಜು, ಕಿತ್ತ ಸಿಲಿಕೋನ್, ಪಂಪು ಎಲ್ಲವನ್ನೂ ಒಂದು ಚೀಲದಲ್ಲಿ ಕಟ್ಟಿಡಿ. ತೊಟ್ಟಿ ಕೊಂಡ ಬಿಲ್, ಸಾಮಾನಿನ ಬಿಲ್ ಸಿಕ್ಕರೆ ತೆಗೆದಿಡಿ.

ಅವತ್ತೇ ಕಂಪನಿಗೆ ಫೋನ್ ಮಾಡಿ, ಜೊತೆಗೆ ಇಮೇಲ್ ಕೂಡ ಹಾಕಿ. 2024ರ ಜೂನ್‌ನಲ್ಲಿ ಐಆರ್‌ಡಿಎಐ ಹೊರಡಿಸಿದ ಸುತ್ತೋಲೆಯ ಪ್ರಕಾರ ಸರ್ವೇಯರ್ ಬೇಕಾದ ಕ್ಲೇಮಿಗೆ 24 ಗಂಟೆಯೊಳಗೆ ಅವರನ್ನು ನೇಮಿಸಬೇಕು, ಅವರು 15 ದಿನದೊಳಗೆ ವರದಿ ಕೊಡಬೇಕು, ವರದಿ ಬಂದ 7 ದಿನದಲ್ಲಿ ಕಂಪನಿ ತೀರ್ಮಾನ ಹೇಳಬೇಕು. ಕ್ಲೇಮ್ ತಿರಸ್ಕರಿಸಿದರೆ ಮೊದಲು ಕಂಪನಿಯ ದೂರು ವಿಭಾಗಕ್ಕೆ ಬರೆಯಿರಿ. ಒಂದು ತಿಂಗಳಾದರೂ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ವಿಮೆಯ ದೂರುಗಳನ್ನು ಕೇಳಿ ಬಗೆಹರಿಸುವ ವಿಮಾ ಓಂಬುಡ್ಸ್‌ಮನ್ ಬಳಿ ಹೋಗಬಹುದು. ಕರ್ನಾಟಕದವರಿಗೆ ಆ ಕಚೇರಿ ಬೆಂಗಳೂರಿನ ಜೆ.ಪಿ. ನಗರದಲ್ಲಿದೆ. 50 ಲಕ್ಷದವರೆಗಿನ ದೂರು ಕೇಳುತ್ತಾರೆ, ಫೀಸಿಲ್ಲ, ವಕೀಲರು ಬೇಕಿಲ್ಲ, ಆದರೆ ಒಂದು ವರ್ಷದೊಳಗೆ ಹೋಗಬೇಕು. ನಾನು ಹೋಗಲಿಲ್ಲ. ಹೋಗಬೇಕಿತ್ತು.

ಕಳೆದ ಸಲ ಪಾಲಿಸಿ ರಿನ್ಯೂ ಮಾಡುವ ಮುನ್ನ ಕಂಪನಿಗೆ ಹೀಗೆ ಇಮೇಲ್ ಬರೆದೆ. ಬೇಕಿದ್ದವರು ಹಾಗೇ ಬಳಸಿಕೊಳ್ಳಬಹುದು:

"ನಮ್ಮ ಮನೆ ಮೂರನೇ ಮಹಡಿಯಲ್ಲಿದೆ. ಹಾಲ್‌ನಲ್ಲಿ 56 ಲೀಟರ್‌ನ ಗಾಜಿನ ಫಿಶ್ ಟ್ಯಾಂಕ್ ಇದೆ. ಅದು ಒಡೆದು, ಉಕ್ಕಿ, ಅಥವಾ ಅದಕ್ಕೆ ಜೋಡಿಸಿದ ಪಂಪು, ಟ್ಯೂಬುಗಳಿಂದ ನೀರು ಹೊರಹರಿದು ನಮ್ಮ ಕಟ್ಟಡಕ್ಕೂ ಸಾಮಾನಿಗೂ ನಷ್ಟವಾದರೆ ಪಾಲಿಸಿಯಲ್ಲಿ ಪರಿಹಾರ ಇದೆಯೇ? ಇಲ್ಲವಾದರೆ ಯಾವ ಷರತ್ತಿನ ಪ್ರಕಾರ? ಕೆಳಗಿನ ಮನೆಯವರಿಗೆ ಆಗುವ ನಷ್ಟಕ್ಕೆ ಹೊಣೆಗಾರಿಕೆಯ ಆಡ್-ಆನ್ ನಿಮ್ಮಲ್ಲಿದೆಯೇ, ಅದರ ಮಿತಿ ಎಷ್ಟು?"

ಒಂಬತ್ತು ದಿನಕ್ಕೆ ಉತ್ತರ ಬಂತು. ಒಡೆದರೆ ಮತ್ತು ಉಕ್ಕಿದರೆ ಇದೆ, ಜೋಡಿಸಿದ ಉಪಕರಣ ಉಕ್ಕಿದರೂ ಇದೆ, ನಿಧಾನದ ಜಿನುಗಿಗೆ ಇಲ್ಲ, ಹೊಣೆಗಾರಿಕೆ ಬೇಕಿದ್ದರೆ ಪ್ರತ್ಯೇಕ ಪ್ರೀಮಿಯಂ. ಕಟ್ಟಿದೆ. ಆ ಇಮೇಲಿನ ಪ್ರಿಂಟ್ ಈಗ ಪಾಲಿಸಿಯ ಕಾಗದದ ಜೊತೆ ಪಿನ್ ಮಾಡಿದೆ, ಏರ್ ಪಂಪು ತೊಟ್ಟಿಗಿಂತ ಒಂದಡಿ ಮೇಲೆ ಗೋಡೆಯ ಮೊಳೆಯಲ್ಲಿದೆ.